ಎಡಿನ್‌ಬರೋದಲ್ಲಿ ಎರಡು ರಾತ್ರಿ, ಒಂದು ನಾಟಕ

1947ರಲ್ಲಿ ಎಡಿನ್‌ಬರೋದ ಅಂತರರಾಷ್ಟ್ರೀಯ ಉತ್ಸವಕ್ಕೆ ಕರೆಯದೆಯೇ ಬಂದ ಎಂಟು ನಾಟಕ ತಂಡಗಳಿಂದ ಹುಟ್ಟಿ, ಇಂದಿಗೂ ಆಯ್ಕೆ ಸಮಿತಿಯ ಹಂಗಿಲ್ಲದೆ ಆಗಸ್ಟ್‌ನಲ್ಲಿ ನಡೆಯುವ ‘ಫ್ರಿಂಜ್’, ಅಂದರೆ ಅಂಚಿನ ಉತ್ಸವವನ್ನು ನೋಡಲು ಲಂಡನ್ನಿನಿಂದ ವಾರಾಂತ್ಯಕ್ಕೆ ಬಂದಿಳಿದ ದಂಪತಿಯ ನಡುವೆ, ಕರಪತ್ರ ಹಂಚುವ ನಟರಿಂದ ಕಿಕ್ಕಿರಿದ ರಾಯಲ್ ಮೈಲ್ ಬೀದಿಯಲ್ಲಿ, ರಸವಿಮರ್ಶೆಯೆಂದೇ ಪರಿಗಣಿಸಬೇಕಾದ ಈ ಸಂವಾದ ನಡೆಯಿತು.

“ಟಿಕೆಟ್ಟಿಗಿಂತ ಕೋಣೆಯ ಬಾಡಿಗೆ ಇಪ್ಪತ್ತು ಪಟ್ಟು, ನಾವು ನೋಡಬಂದದ್ದು ಕೋಣೆಯನ್ನೇ?” ಎಂದು ಪತಿ ಕೇಳಿದನು.

“ಅದಕ್ಕೆ ಕಿಟಕಿಯೂ ಇಲ್ಲ, ನೋಡುವುದೇನು? ನಾಟಕದಲ್ಲಿ ಒಬ್ಬನೇ ನಟ ಇಡೀ ಹ್ಯಾಮ್ಲೆಟ್ ಮುಗಿಸುತ್ತಾನೆ.”

“ಸಾಯುವವರೆಲ್ಲ ಅವನೇ ಆದರೆ ಬೇಗ ಮುಗಿದೀತು.”

“ಹಡಗುಗಳು ಗಡಿಯಾರ ಸರಿಪಡಿಸಿಕೊಳ್ಳಲೆಂದು 1861ರಿಂದ ಕೋಟೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಹಾರಿಸುವ ತೋಪಿನ ಸದ್ದಿಗಾದರೂ ಟಿಕೆಟ್ ಬೇಡ.”

“ಇಂದು ಭಾನುವಾರ, ತೋಪಿಗೂ ರಜೆ.”