ಹನ್ನೆರಡು ಬೇಕಾದವರು ಹದಿನೈದು ಕೊಳ್ಳುವ ವಿಧಾನ

ಈ ಕೈಪಿಡಿ ಪ್ಲಸ್ 12 ಮತ್ತು ಮೈನಸ್ 12 ವೋಲ್ಟ್ ಎರಡೂ ಬೇಕೆನ್ನುವವರಿಗಾಗಿ. ಪ್ಲಸ್ಸೊಂದೇ ಸಾಕೆನ್ನುವ ಸುಖಜೀವಿಗಳು ಮೊಬೈಲ್ ಚಾರ್ಜರಿನಲ್ಲೇ ಸಂತೋಷವಾಗಿರಲಿ.

ಸಾಮಗ್ರಿ: ಪ್ಲಸ್ಸಿಗೆ ರೆಗ್ಯುಲೇಟರ್ ಐಸಿ 7812 ಒಂದು, ಮೈನಸ್ಸಿಗೆ 7912 ಒಂದು, 1ಎನ್4007 ಡಯೋಡು ನಾಲ್ಕು, 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, ತಾಳ್ಮೆ.

ಹಂತ 1: ಇನ್ನು ಬೇಕಾದದ್ದು ಟ್ರಾನ್ಸ್‌ಫಾರ್ಮರ್. ಬೆಂಗಳೂರಿನವರಾದರೆ ಅದಕ್ಕೆ ಎಸ್.ಪಿ. ರೋಡಿಗೆ ಹೋಗಿ. ಅಂಗಡಿಯವರು ತಲೆ ಎತ್ತದೆ "ಎಷ್ಟು?" ಅನ್ನುತ್ತಾರೆ. ನೀವು "ಹನ್ನೆರಡು" ಅಂದರೆ "ಝೀರೋ ಟ್ವೆಲ್ವಾ, ಟ್ವೆಲ್ವ್ ಝೀರೋ ಟ್ವೆಲ್ವಾ?" ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಮೊದಲನೆಯದರ ಸೆಕೆಂಡರಿಗೆ ಎರಡು ತಂತಿ, ಎರಡನೆಯದಕ್ಕೆ ಮೂರು. ಮೂರರಲ್ಲಿ ನಡುವಿನದೇ ನಿಮ್ಮ ಗ್ರೌಂಡ್. ಎರಡು ತಂತಿಯದರಿಂದಲೂ ಪ್ಲಸ್ಸು-ಮೈನಸ್ಸು ಹಿಂಡಬಹುದು, ಆದರೆ ಆಗ ಕೆಪಾಸಿಟರ್ ಸೆಕೆಂಡಿಗೆ 100 ಸಲದ ಬದಲು 50 ಸಲ ಮಾತ್ರ ತುಂಬುತ್ತದೆ. ಬೇಡ.

ಹಂತ 2: "ಹಾಗಾದ್ರೆ 12-0-12 ಕೊಡಿ" ಎಂದು ಬಾಯಿ ತೆರೆಯುವ ಮೊದಲು ಲೆಕ್ಕ ಹಾಕಿ. ಆ 12 ಆರ್‌ಎಂಎಸ್. ಅಲೆಯ ತುದಿ 1.414 ಪಟ್ಟು, ಅಂದರೆ ಸುಮಾರು 17. ಅದರಲ್ಲಿ ಡಯೋಡು ಒಂದು ವೋಲ್ಟಿನಷ್ಟು ತನ್ನ ಮಾಮೂಲು ಹಿಡಿದುಕೊಂಡರೆ ಉಳಿದದ್ದು 16. 12 ಕೊಡಲು 7812ಕ್ಕೆ ಹೆಚ್ಚೂಕಡಿಮೆ 14 ಬೇಕು. ಎರಡು ವೋಲ್ಟ್ ಮಿಕ್ಕಿತೆಂದು ಹಿಗ್ಗಬೇಡಿ. ಅರ್ಧ ಆಂಪಿಯರ್ ಎಳೆದರೆ, ಒಂದು ತುದಿಯಿಂದ ಮುಂದಿನ ತುದಿಯ ನಡುವೆ ಕೆಪಾಸಿಟರ್ ಅಷ್ಟನ್ನೇ ಕಳೆದುಕೊಳ್ಳುತ್ತದೆ. ಇದೂ ಗೋಡೆಯಲ್ಲಿ 230 ಇದ್ದಾಗಿನ ಮಾತು. ಸಂಜೆ ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದು ಕರೆಂಟು 200ಕ್ಕೆ ಇಳಿದರೆ ಆ 16 ಹೋಗಿ 14ಕ್ಕೂ ಕಡಿಮೆಯಾಗುತ್ತದೆ, ಅದರ ಮೇಲೆ ಈ ಎರಡು ವೋಲ್ಟಿನ ಏರಿಳಿತ ಬೇರೆ. ರೆಗ್ಯುಲೇಟರ್ ಕೈಚೆಲ್ಲುತ್ತದೆ, ಇದರಿಂದ ನಡೆಯುವ ಆಂಪ್ಲಿಫೈಯರಿನ ಸ್ಪೀಕರ್ ಗುಂಯ್‌ಗುಡುತ್ತದೆ. ಆಗ ಎಲ್ಲರೂ ಮಾಡುವುದು 7812 ಬದಲಾಯಿಸುವುದು. ಗುಂಯ್ ನಿಲ್ಲದಿದ್ದರೆ ಇನ್ನೊಂದು 7812. ಅಂಗಡಿಯವರಿಗೆ ಇದರಿಂದ ನಷ್ಟವೇನಿಲ್ಲ.

15-0-15 ಕೊಳ್ಳಿ. 200 ವೋಲ್ಟಿನ ಸಂಜೆಯಲ್ಲೂ ಅದು ತಗ್ಗಿನಲ್ಲಿ 15ರ ಆಸುಪಾಸು ನಿಲ್ಲುತ್ತದೆ.

ಹಂತ 3: ಆಂಪಿಯರ್. ಅರ್ಧ ಬೇಕಾದರೆ ಒಂದರದ್ದು ಕೇಳಿ. ಕೆಪಾಸಿಟರ್ ಅಲೆಯ ತುದಿಯಲ್ಲಷ್ಟೇ ಗಟಗಟ ಎಳೆಯುವುದರಿಂದ ಸೆಕೆಂಡರಿಯಲ್ಲಿ ಹರಿಯುವ ಆರ್‌ಎಂಎಸ್ ಕರೆಂಟು ನೀವು ಬಳಸುವುದರ 1.8 ಪಟ್ಟಿನವರೆಗೆ ಹೋಗುತ್ತದೆ. ಕೊಟ್ಟದ್ದನ್ನು ಅಂಗೈಯಲ್ಲಿ ತೂಗಿ ನೋಡಿ.

"ಅಣ್ಣಾ, ಇದು ನಿಜವಾಗ್ಲೂ ಒಂದು ಆಂಪಾ?"

"ಬರ್ದಿದೆಯಲ್ಲಾ ಸಾರ್."

ಕಬ್ಬಿಣಕ್ಕೆ, ತಾಮ್ರಕ್ಕೆ ಸುಳ್ಳು ಹೇಳುವುದು ಕಷ್ಟ. ಸ್ಟಿಕ್ಕರಿಗೆ ಆ ತೊಂದರೆ ಇಲ್ಲ.

ಹಂತ 4: ಹದಿನೈದು ಒಳ್ಳೆಯದಾದರೆ ಇಪ್ಪತ್ನಾಲ್ಕು ಇನ್ನೂ ಒಳ್ಳೆಯದೆಂಬ ದುರಾಸೆಯನ್ನು ಇಲ್ಲಿ ಬಿಡಬೇಕು. 24-0-24ರ ತುದಿಯೇ 34 ವೋಲ್ಟ್, ಲೋಡ್ ಇಲ್ಲದಾಗ ಇನ್ನೂ ಮೇಲೆ. 7812ರ ಮಿತಿ 35. 15-0-15ರಲ್ಲೂ ಹೆಚ್ಚಾದ 7 ವೋಲ್ಟ್ ಎಲ್ಲೂ ಹೋಗುವುದಿಲ್ಲ, ಅರ್ಧ ಆಂಪಿಯರಿಗೆ ಒಂದೊಂದು ಐಸಿಯಲ್ಲಿ ಮೂರೂವರೆ ವಾಟ್ ಶಾಖವಾಗುತ್ತದೆ. ಹೀಟ್‌ಸಿಂಕ್ ಕಡ್ಡಾಯ.

ಎಚ್ಚರಿಕೆ: 7812ರ ಬೆನ್ನಿನ ಲೋಹ ಗ್ರೌಂಡ್, 7912ರದ್ದು ಇನ್‌ಪುಟ್. ನೋಡಲು ಅವಳಿಗಳೆಂದು ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಬಿಗಿದರೆ ಮೈನಸ್ ಕಡೆ ನೇರ ಶಾರ್ಟ್. ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ.

ಖಾತರಿ: ಪ್ರೈಮರಿಗೆ ಫ್ಯೂಸ್ ಹಾಕಿದವರಿಗೆ ಮಾತ್ರ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದವರು ಈ ಕೈಪಿಡಿಯನ್ನು ಓದಿಲ್ಲವೆಂದು ಪರಿಗಣಿಸಲಾಗುವುದು.