ದಡದ ಕಪ್ತಾನರು

ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆಯೆಂದು ಭೂಗೋಳದ ಪುಸ್ತಕಗಳು ಹೇಳುತ್ತವೆ. ಆದರೆ ಅವುಗಳ ಒಂದೊಂದು ಅಳಿವೆಯ ದಂಡೆಯಲ್ಲಿಯೂ ಒಬ್ಬೊಬ್ಬ ಕಪ್ತಾನರು ನೆಲಸಿದ್ದಾರೆಂಬ, ಭೂಗೋಳಕ್ಕಿಂತಲೂ ಮುಖ್ಯವಾದ ಸಂಗತಿಯನ್ನು ಅವು ಏಕೋ ಬಿಟ್ಟುಬಿಟ್ಟಿವೆ. ಕಪ್ತಾನರೆಂದೊಡನೆ ವಾಚಕರು ಬಿಳಿಯ ಟೊಪ್ಪಿಯನ್ನೋ ದುರ್ಬೀನನ್ನೋ ಕಲ್ಪಿಸಿಕೊಳ್ಳಬೇಕಾಗಿಲ್ಲ. ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಕಂಕುಳಲ್ಲಿ ಉದ್ದ ಕಾವಿನ ಕೊಡೆ, ಕೈಯಲ್ಲಿ ಎಲೆಯಡಕೆಯ ಚೀಲ, ಮುಖದಲ್ಲಿ ಸಕಲ ಚರಾಚರಗಳ ತಪ್ಪನ್ನು ತಿದ್ದಲು ನಿಯುಕ್ತನಾದವನ ಗಾಂಭೀರ್ಯ, ಇಷ್ಟೇ ಅವರ ಸಮವಸ್ತ್ರ. ಚುಕ್ಕಾಣಿಯನ್ನು ಅವರು ಜನ್ಮದಲ್ಲಿ ಮುಟ್ಟಿದವರಲ್ಲ; ಈಜು ಬಾರದು; ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವರೂ ಅಲ್ಲ. ಆದರೂ ಹೊಳೆಯಲ್ಲಿ ದೋಣಿಯೊಂದು ತುಸು ವಾಲಿದರೆ ದಂಡೆಯಿಂದ ಮೊದಲು ಕೇಳಿಬರುವ ಧ್ವನಿ ಅವರದೇ, ಮತ್ತು ಸಪ್ತಭಾಷಾ ಸಂಗಮಭೂಮಿಯೆಂದು ಹೆಸರಾದ ಈ ನಾಡಿನಲ್ಲಿ ಆ ಧ್ವನಿ ತುಳುವಿನಲ್ಲಿ ಆರಂಭವಾಗಿ, ಮಲಯಾಳದಲ್ಲಿ ತಾರಕಕ್ಕೇರಿ, ಕನ್ನಡದಲ್ಲಿ ತೀರ್ಪು ಕೊಡುತ್ತದೆ.

ಶಿರಿಯ ಹೊಳೆಯ ಅಳಿವೆಯಲ್ಲಿ ಈ ಪದವಿಯನ್ನು ಅಲಂಕರಿಸಿರುವವರು ಕನ್ನಡ ಶಾಲೆಯೊಂದರಿಂದ ನಿವೃತ್ತರಾದ ಮಾಸ್ತರರು. ಕಲಿಸುವುದನ್ನು ಸರಕಾರವು ನಿಲ್ಲಿಸಿತೇ ಹೊರತು ಅವರು ನಿಲ್ಲಿಸಿದವರಲ್ಲವಾದ್ದರಿಂದ, ಗಲ್ಫಿನಿಂದ ಮರಳಿದ ಅವರ ಹಳೆಯ ಶಿಷ್ಯನೊಬ್ಬನು ಹದಿನಾರು ಅಡಿ ಉದ್ದದ ಫೈಬರ್ ದೋಣಿಯನ್ನು ಕೊಂಡು, ಅದರ ಹಿಂಬದಿಗೆ 9.9 ಅಶ್ವಶಕ್ತಿಯ ಎಂಜಿನನ್ನು ಸಿಕ್ಕಿಸಿ ಹೊಳೆಗಿಳಿಸಿದ ದಿನವೇ ಅವರಿಗೆ ಹೊಸ ತರಗತಿಯೊಂದು ದೊರೆತಂತಾಯಿತು. ಹತ್ತು ಎನ್ನದೆ 9.9 ಎಂದೇಕೆ ಬರೆದಿದ್ದಾರೆಂದು ಶಿಷ್ಯನು ಕೇಳಿದಾಗ, ಅದು ಚಪ್ಪಲಿ ಅಂಗಡಿಯ ಬೆಲೆಯ ಯುಕ್ತಿಯೆಂದು ಮಾಸ್ತರರು ಒಂದು ಕ್ಷಣವೂ ತಡೆಯದೆ ಉತ್ತರಿಸಿದರು. ಅಮೆರಿಕದ ಕೆಲವು ಸರೋವರಗಳಲ್ಲಿ ಹತ್ತರಿಂದ ಮೇಲಿನ ಎಂಜಿನಿಗೆ ಪ್ರವೇಶವಿಲ್ಲವೆಂಬ ಕಟ್ಟಳೆಯೇ ಇದಕ್ಕೆ ಕಾರಣವೆಂದು ತಿಳಿದವರು ಹೇಳುವುದುಂಟು. ಆದರೆ ತಿಳಿದವರ ಮಾತಿಗೆ ದಂಡೆಯಲ್ಲಿ ಬೆಲೆ ಕಡಿಮೆ.

ದೋಣಿಯೇನೋ ಓಡಿತು, ಆದರೆ ಏಳಲಿಲ್ಲ. ಇಲ್ಲಿ ಸ್ವಲ್ಪ ವಿವರಣೆ ಬೇಕು. ನಿಧಾನವಾಗಿ ಸಾಗುವ ದೋಣಿ ತನ್ನ ಭಾರದಷ್ಟು ನೀರನ್ನು ಅತ್ತಿತ್ತ ಸರಿಸಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ತಾನೇ ಎಬ್ಬಿಸಿದ ಅಲೆಯ ಇಳಿಜಾರಿನಲ್ಲಿ ಸಿಕ್ಕಿಬಿದ್ದು, ಮೂತಿಯನ್ನು ಮೇಲೆತ್ತಿ ಹಿಂಬದಿಯನ್ನು ಹೂಳಿಕೊಂಡು ಏದುಸಿರು ಬಿಡುತ್ತದೆ. ಆ ಅಲೆಯ ಬೆನ್ನನ್ನು ಹತ್ತಿ ದಾಟಿದರೆ ಮಾತ್ರ, ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ದೋಣಿ ತನ್ನ ಅಲೆಗೆ ತಾನೇ ತೆರುವ ಈ ಸುಂಕವನ್ನು ಲೆಕ್ಕಕ್ಕೆ ತಂದವನು ವಿಲಿಯಂ ಫ್ರೌಡ್ ಎಂಬ ಆಂಗ್ಲ ಎಂಜಿನಿಯರು. ಅವನು 1870ರ ದಶಕದಲ್ಲಿ ಟಾರ್ಕೀ ಎಂಬ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿಯನ್ನು ಕಟ್ಟಿಸಿ ಸಣ್ಣ ಮಾದರಿ ಹಡಗುಗಳನ್ನು ಎಳೆದೆಳೆದು ನೋಡಿದನು. ಮಾಸ್ತರರಿಗೆ ತೊಟ್ಟಿಯ ಹಂಗಿರಲಿಲ್ಲ. ಕೊಡೆಯ ತುದಿಯಿಂದ ಮರಳಿನ ಮೇಲೆ 16 ಎಂದು ಬರೆದು, ಮೂವತ್ತು ದಾಟಿದ, ಎರಡು ಮಕ್ಕಳ ತಂದೆಯಾದ ಶಿಷ್ಯನತ್ತ ತಿರುಗಿ, “ವರ್ಗಮೂಲ?” ಎಂದರು.

“ನಾಲ್ಕು, ಮಾಷ್ಟ್ರೇ.”

“1.34ರಿಂದ ಗುಣಿಸು. ಐದೂ ಚಿಲ್ಲರೆ ನಾಟು, ಅಂದರೆ ಗಂಟೆಗೆ ಹತ್ತು ಕಿಲೋಮೀಟರು. ನಿನ್ನ ದೋಣಿ ಅಲ್ಲಿಗೆ ಮುಗ್ಗರಿಸಿದೆ, ಮಾರಾಯ.”

ಲೆಕ್ಕ ಸರಿಯಾಗಿತ್ತು. ಈ ಜಾತಿಯ ಮಹನೀಯರ ಬಗ್ಗೆ ನಗುವವರು ಮರೆಯುವ ಅಂಶ ಇದೇ: ಅವರು ಹೇಳುವುದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಮತ್ತು ಅವರನ್ನು ಸಹಿಸುವುದು ದುಸ್ಸಾಧ್ಯವಾಗುವುದಕ್ಕೆ ಮುಖ್ಯ ಕಾರಣವೂ ಅದೇ.

ಮರುದಿನ ಅವರು ಶಾಲೆಯ ಕಾಲದ ಮರದ ಅಡಿಕೋಲನ್ನು ತಂದರು. ಅನೇಕ ತಲೆಮಾರುಗಳ ಅಂಗೈಗಳಿಗೆ ತಾಗಿ ತಾಗಿ ಅದರ ಮೇಲಿನ ಅಂಗುಲದ ಗೆರೆಗಳು ಮುಕ್ಕಾಲು ಪಾಲು ಅಳಿಸಿಹೋಗಿದ್ದುವು. ಉಳಿದ ಗೆರೆಗಳ ಆಧಾರದಿಂದ ಅವರು ಎಂಜಿನಿನ ಕಾಲಿನಲ್ಲಿ ಪ್ರೊಪೆಲ್ಲರಿನ ನೆತ್ತಿಯ ಮೇಲಿರುವ ಚಪ್ಪಟೆ ರೆಕ್ಕೆಯನ್ನು ಅಳೆದು, ಅದು ದೋಣಿಯ ತಳಕ್ಕೆ ಸಮನಾಗಿರತಕ್ಕದ್ದೆಂದೂ, ಇಲ್ಲಿ ಎರಡು ಅಂಗುಲ ಕೆಳಗಿದೆಯೆಂದೂ, ಆದ್ದರಿಂದ ಎಂಜಿನಿನ ಕಾಲೇ ದೋಣಿಯನ್ನು ಹಿಂದಕ್ಕೆ ಜಗ್ಗುತ್ತಿದೆಯೆಂದೂ ಸಾರಿದರು. ಹಲಸಿನ ಹಲಗೆಯ ತುಂಡೊಂದನ್ನು ಕೊಟ್ಟು ಎಂಜಿನನ್ನು ಎತ್ತರಿಸಲಾಯಿತು. ಅತಿಯಾಗಿ ಎತ್ತರಿಸಿದರೆ ಪ್ರೊಪೆಲ್ಲರು ನೀರಿನ ಬದಲು ಗಾಳಿಯನ್ನು ಹೀರಿ ಬರಿದೇ ಕಿರುಚೀತೆಂಬ ಎಚ್ಚರಿಕೆಯನ್ನೂ ಅವರು ಕೊಡದಿರಲಿಲ್ಲ. ಬಳಿಕ ಪ್ರೊಪೆಲ್ಲರಿನ ಸರದಿ: ಅದರ ಪಿಚ್ಚನ್ನು ಒಂದಂಗುಲ ಇಳಿಸಿದರೆ ಎಂಜಿನಿನ ಸುತ್ತು ನಿಮಿಷಕ್ಕೆ ಸುಮಾರು 200ರಷ್ಟು ಏರುತ್ತದೆಂದು ಹೇಳಿ, ಶಿಷ್ಯನನ್ನು ಮಂಗಳೂರಿನ ಬಂದರಿಗೆ ಅಟ್ಟಿದರು. ಕೊನೆಗೆ ಪಿನ್ನು. ಎಂಜಿನು ದೋಣಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದನ್ನು ನಿಶ್ಚಯಿಸುವ, ಕಿರುಬೆರಳಿನಷ್ಟು ದಪ್ಪದ ಆ ಕಬ್ಬಿಣದ ಕಡ್ಡಿಯನ್ನು ಒಂದು ತೂತು ಒಳಗೆ ಸರಿಸಿದರೆ ಮೂತಿ ತಗ್ಗುತ್ತದೆ, ಹೊರಗೆ ಸರಿಸಿದರೆ ಏಳುತ್ತದೆ. ಈ ಪಿನ್ನಿನಲ್ಲಿ ಮಾಸ್ತರರಿಗೆ ಹುಟ್ಟಿದ ಭಕ್ತಿ ವರ್ಣನಾತೀತವಾದದ್ದು.

ಇಷ್ಟಾದರೂ ದೋಣಿ, ಕಂಬಳದ ಕರೆಗೆ ಇಳಿಯಲೊಲ್ಲದ ಕೋಣದಂತೆ ಕತ್ತನ್ನು ಆಕಾಶಕ್ಕೆ ಎತ್ತಿಯೇ ನಿಂತಿತು. ಶಿಷ್ಯನೂ ಅವನ ಜೊತೆಯ ಹುಡುಗನೂ ಮಾತ್ರ ಹೋದಾಗ ಅದು ಸರ್ರನೆ ಏಳುತ್ತಿತ್ತೆಂಬುದೂ, ಮಾಸ್ತರರು ಪರೀಕ್ಷಾರ್ಥವಾಗಿ ಹತ್ತಿದಾಗ ಮಾತ್ರ ಏಳುತ್ತಿರಲಿಲ್ಲವೆಂಬುದೂ ದಂಡೆಯ ಮೇಲೆ ಬಲೆ ನೇಯುವವರಿಗೆಲ್ಲ ತಿಳಿದಿತ್ತು. ಮಾಸ್ತರರು ತೂಕದಲ್ಲಿ ಕ್ವಿಂಟಲಿಗೆ ಸಮೀಪದವರು. ಎಂಜಿನಿನ ನಾಡಿಯನ್ನು ಆಲಿಸಬೇಕಾದ್ದರಿಂದ ಅವರ ಆಸನ ಸದಾ ಹಿಂಬದಿಯ ಅಡ್ಡಹಲಗೆ. ಅಲ್ಲಿ ಕುಳಿತುಕೊಂಡೇ ಅವರು, “ಭಾರವೆಲ್ಲ ಮುಂದಕ್ಕೆ ಹೋಗತಕ್ಕದ್ದು!” ಎಂದು ಆಜ್ಞಾಪಿಸುವರು, ಆ ಆಜ್ಞೆಯಂತೆ ಪೆಟ್ರೋಲ್ ಟ್ಯಾಂಕು ಮುಂದಕ್ಕೆ ಹೋಯಿತು, ಲಂಗರು ಹೋಯಿತು, ಹಗ್ಗ ಹೋಯಿತು, ಹುಡುಗನ ಬುತ್ತಿಯ ಪಾತ್ರೆಯೂ ಹೋಯಿತು, ಹೋಗಬೇಕಾದದ್ದು ಮಾತ್ರ ಕಾಲಮೇಲೆ ಕಾಲು ಹಾಕಿ ಕುಳಿತಿತ್ತು.

ಹೇಳಬಹುದಿತ್ತಲ್ಲ ಎಂದು ಪಟ್ಟಣದ ವಾಚಕರು ಕೇಳಿಯಾರು. ಎರಡನೆಯ ತರಗತಿಯಲ್ಲಿ ಮಗ್ಗಿ ಕಲಿಸಿದ ಗುರುಗಳಿಗೆ, ತಂದೆ ತೀರಿಕೊಂಡಾಗ ಶಾಲೆಯ ಫೀಜನ್ನು ತಮ್ಮ ಕೈಯಿಂದ ತೆತ್ತವರಿಗೆ, “ತಾವು ಭಾರವಾಗಿದ್ದೀರಿ” ಎಂದು ಬಾಯಿಬಿಟ್ಟು ಹೇಳುವ ಭಾಷೆ ಈ ಏಳು ಭಾಷೆಗಳಲ್ಲಿ ಒಂದೂ ಇಲ್ಲ. ಶಿಷ್ಯನು ಹಲವು ವಿಧದಿಂದ ಪ್ರಯತ್ನಿಸಿದನು. “ಮಾಷ್ಟ್ರೇ, ಮುಂದೆ ಗಾಳಿ ಚೆನ್ನಾಗಿ ಬರ್ತದೆ” ಎಂದನು. ಗಾಳಿ ತಮಗೆ ಶೀತವೆಂದರು. “ಹಿಂದೆ ಪೆಟ್ರೋಲಿನ ಹೊಗೆ” ಎಂದನು. ಹೊಗೆಯ ಬಣ್ಣವನ್ನು ನೋಡುವುದಕ್ಕಾಗಿಯೇ ಕುಳಿತಿದ್ದೇನೆಂದರು.

ಉಪಾಯವು ಹೊಳೆದದ್ದು ಶಿಷ್ಯನ ತಾಯಿಗೆ. ಆಕೆಯ ಮಾತಿನಂತೆ, ಒಂದು ಸಂಜೆ ದೋಣಿ ಹೊರಡುವ ಮುನ್ನ ಹುಡುಗನು ಮಾಸ್ತರರ ಎಲೆಯಡಕೆಯ ಚೀಲವನ್ನು, ಒದ್ದೆಯಾದೀತೆಂಬ ವಿನಯದ ನೆವದಿಂದ ಎತ್ತಿಕೊಂಡು ಹೋಗಿ ಮೂತಿಯ ಗೂಡಿನೊಳಗೆ ಇಟ್ಟುಬಿಟ್ಟನು. ಅಳಿವೆಯ ನಡುವಿಗೆ ಬರುವಷ್ಟರಲ್ಲಿ ಮಾಸ್ತರರ ದವಡೆ ಚಡಪಡಿಸತೊಡಗಿತು. ಚೀಲವನ್ನು ಹಿಂದಕ್ಕೆ ಕೊಡೆಂದು ಕೂಗಿದರು. ಎಂಜಿನಿನ ಗದ್ದಲದಲ್ಲಿ ಹುಡುಗನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಬಾರದೆಂದು ಕಟ್ಟಪ್ಪಣೆಯಾಗಿತ್ತು. ಕೊನೆಗೆ ಮಾಸ್ತರರು ಪಂಚೆಯನ್ನು ಬಿಗಿದು, ಅಡ್ಡಹಲಗೆಯಿಂದ ಅಡ್ಡಹಲಗೆಗೆ ಕೈಯೂರುತ್ತ ಮುಂದಕ್ಕೆ ಸರಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ವೀಳ್ಯದೆಲೆಯ ತೊಟ್ಟು ಮುರಿದರು. ಅದೇ ಗಳಿಗೆಯಲ್ಲಿ ಮೂತಿ ತಗ್ಗಿತು, ಹಿಂದಿನ ಅಲೆ ಚಪ್ಪಟೆಯಾಯಿತು, ಎಂಜಿನಿನ ಗೊಗ್ಗರು ಸ್ವರ ತಿಳಿಯಾಯಿತು, ದೋಣಿ ನೀರನ್ನು ತುದಿಗಾಲಿನಲ್ಲಿ ಮೆಟ್ಟಿ ಹಾರಿತು. ಸುಣ್ಣ ಹಚ್ಚಲೆತ್ತಿದ ಬೆರಳನ್ನು ಮಾಸ್ತರರು ಹಾಗೆಯೇ ಆಕಾಶಕ್ಕೆ ಎತ್ತಿ ಗರ್ಜಿಸಿದರು:

“ಪಿನ್ನು! ನಾನು ಹೇಳಲಿಲ್ಲವೋ, ಪಿನ್ನು!”

“ಹೌದು ಮಾಷ್ಟ್ರೇ, ಪಿನ್ನೇ” ಎಂದನು ಶಿಷ್ಯ.

ಅಂದಿನಿಂದ ಆ ದೋಣಿಯ ಮೂತಿಯಲ್ಲಿ ವೀಳ್ಯದೆಲೆಯ ಕಟ್ಟೊಂದು ಶಾಶ್ವತವಾಗಿ ಇರುತ್ತದೆ. ಗುರುಭಕ್ತಿಯ ದ್ಯೋತಕವೆಂದು ಮಾಸ್ತರರು ಅದನ್ನು ಸ್ವೀಕರಿಸಿದ್ದಾರೆ. ಪಿನ್ನಿನ ಮಹಿಮೆ ಬಂದ್ಯೋಡಿನ ಚಹಾದ ಅಂಗಡಿಯಿಂದ ಕುಂಬಳೆಯ ರೈಲು ನಿಲ್ದಾಣದವರೆಗೆ ಹಬ್ಬಿತು. ಆ ಕೀರ್ತಿಯ ಫಲವಾಗಿ, ನೆರೆಯ ಕೃಷಿಕರೊಬ್ಬರ ಪಂಪುಸೆಟ್ಟು ಅಡಕೆ ತೋಟಕ್ಕೆ ನೀರೆತ್ತುತ್ತಿಲ್ಲವೆಂಬ ಸುದ್ದಿ ಬಂದೊಡನೆ ಮಾಸ್ತರರು ಅಡಿಕೋಲನ್ನು ಹಿಡಿದು ಹೊರಟಿದ್ದಾರೆ. ಕೃಷಿಕರು ಅನುಭವಸ್ಥರು, ಮಾಸ್ತರರು ಬರುವ ಮೊದಲೇ ಶಿಷ್ಯನನ್ನು ಗುಟ್ಟಾಗಿ ಕರೆದು, ಅವರನ್ನು ಎಲ್ಲಿ ಕೂರಿಸಿದರೆ ಒಳ್ಳೆಯದೆಂದು ವಿಚಾರಿಸಿಕೊಂಡರಂತೆ.