ತಾರತಮ್ಯಭಾಷ್ಯ, ಅಥವಾ ಇಬ್ಬರು ಮಂಜುನಾಥರ ಐಕ್ಯಪ್ರಕರಣ

ಅಥಾತೋ ಹೋಲಿಕೆಯ ಜಿಜ್ಞಾಸೆ. ಜೀವಜೀವರ ನಡುವಿನ ತಾರತಮ್ಯವನ್ನು ಮಧ್ವಾಚಾರ್ಯರು ಏಳು ಶತಮಾನಗಳ ಹಿಂದೆಯೇ ನಿರ್ಣಯಿಸಿದರು. ಆಬ್ಜೆಕ್ಟುಗಳದು ಬಾಕಿಯಿತ್ತು, ಅದನ್ನು ಜಾವಾ ಪಂಥದವರು ‘ಕಂಪೇರ್‌ಟು’ ಎಂಬ ಸೂತ್ರದಿಂದ ಪೂರೈಸಿದರು. ಎರಡು ಆಬ್ಜೆಕ್ಟುಗಳ ಹೆಸರಿನ ಸ್ಟ್ರಿಂಗುಗಳನ್ನು ಎದುರುಬದುರು ನಿಲ್ಲಿಸಿದರೆ ಒಂದು ಸಂಖ್ಯೆ ಹುಟ್ಟುತ್ತದೆ. ಅದು ಋಣವಾದರೆ ಮೊದಲನೆಯದು ಮುಂದೆ, ಧನವಾದರೆ ಹಿಂದೆ, ಸೊನ್ನೆಯಾದರೆ ಅದ್ವೈತ.

ಸಂಖ್ಯೆ ಎಲ್ಲಿಂದ ಬಂತೆಂದು ಪೂರ್ವಪಕ್ಷಿ ಕೇಳಿಯೇ ಕೇಳುತ್ತಾನೆ. ಸಮಾಧಾನ: ಮೊದಲು ಬೇರೆಯಾದ ಅಕ್ಷರಗಳ ಯೂನಿಕೋಡ್ ಅಂಕಿಗಳನ್ನು ಕಳೆಯುವುದು. ಹೀಗಾಗಿ ‘10’, ‘9’ ಸ್ಟ್ರಿಂಗ್ ವೇಷದಲ್ಲಿ ಬಂದರೆ ಫಲ -8, ಹತ್ತೇ ಮುಂದೆ. ಗಣಿತದವರು ಗೊಣಗಿಕೊಳ್ಳಲಿ. ಒಂದು ಹೆಸರು ಇನ್ನೊಂದರೊಳಗೇ ಮುಗಿದರೆ ಉದ್ದವೇ ಪ್ರಮಾಣ: ‘ಕಮಲ’ಳಿಗೂ ‘ಕಮಲಮ್ಮ’ನಿಗೂ ಅಂತರ 3. ‘ಮ್ಮ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರ ಅದನ್ನು ಮ, ಹಲಂತ, ಮತ್ತೆ ಮ ಎಂದು ಬಿಡಿಸಿ ಎಣಿಸುತ್ತದೆ. ವಯಸ್ಸಿನಿಂದ ಬರುವ ಗೌರವದ ತೂಕ ಎಷ್ಟೆಂಬ ಹಳೆಯ ವಿವಾದ ಇಲ್ಲಿಗೆ ಬಗೆಹರಿಯಿತು.

ಳಕಾರದ ಪ್ರಕರಣ ಇಷ್ಟು ಸುಲಭವಲ್ಲ. ವರ್ಣಮಾಲೆಯ ಪಂಕ್ತಿಯಲ್ಲಿ ಹಕಾರವೂ ಕೂತಾದ ಮೇಲೆ ಕೊನೆಯ ಎಲೆಗೆ ಬರುವ ‘ಳ’ವನ್ನು ಯೂನಿಕೋಡ್ ಕರೆದು ‘ಲ’ದ ಪಕ್ಕದಲ್ಲೇ ಕೂರಿಸಿದೆ. ಭಾರತದ ಹಲವು ಲಿಪಿಗಳಿಗೆ ಒಂದೇ ಸಾಲು ಹಾಕಿದ 1988ರ ಇಸ್ಕಿ ಏರ್ಪಾಡಿನಿಂದ ಬಂದ ಮರ್ಯಾದೆ ಇದು. ಪರಿಣಾಮ, ನಿಘಂಟಿನಲ್ಲಿ ‘ಬಸವ’ನ ಹಿಂದೆ ಬರಬೇಕಾದ ‘ಬಳೆ’ಗೆ ಯಂತ್ರದ ಪಟ್ಟಿಯಲ್ಲಿ -5ರ ಫಲದೊಂದಿಗೆ ಅಗ್ರಪೂಜೆ. ‘ಕೊಲೇಟರ್’ ಎಂಬ ಪ್ರಾಯಶ್ಚಿತ್ತವಿದೆ. ಹ ಆದಮೇಲೆ ಳ ಎಂದು ನಿಯಮ ಬರೆದುಕೊಟ್ಟರೆ ಅದು ಮಾತು ಕೇಳುತ್ತದೆ. ಬರೆಯುವವರೇ ಕಡಿಮೆ.

ಇನ್ನು ಐಕ್ಯ. ನೌಕರರನ್ನು ಹೆಸರಿನಿಂದ ಮಾತ್ರ ಹೋಲಿಸಿ ‘ಟ್ರೀಸೆಟ್’ ಎಂಬ ಜಾವಾ ಸಂಗ್ರಹಕ್ಕೆ ತುಂಬುತ್ತಿದ್ದೇವೆನ್ನಿ. ಅಕೌಂಟ್ಸಿನ ಮಂಜುನಾಥರು ಒಳಗಿದ್ದಾರೆ. ಸ್ಟೋರ್ಸಿನ ಮಂಜುನಾಥರು ಬಾಗಿಲಿಗೆ ಬಂದರು. ಫಲ 0. ಭೇದವಿಲ್ಲವೆಂದ ಮೇಲೆ ಇಬ್ಬರಿಗೆ ಜಾಗವೇಕೆ? ಎರಡನೆಯವರು ಮೊದಲನೆಯವರಲ್ಲಿ ಲೀನ. ಎಕ್ಸೆಪ್ಷನ್ ಇಲ್ಲ, ಎಚ್ಚರಿಕೆ ಇಲ್ಲ. ಯಾರೂ ಓದದ ಒಂದು ‘ಫಾಲ್ಸ್’ ಮಾತ್ರ ಹಿಂದಿರುಗುತ್ತದೆ. ಇಷ್ಟು ಸದ್ದಿಲ್ಲದ ಮೋಕ್ಷ ಹಿಮಾಲಯದಲ್ಲೂ ಸಿಗದು.

ಹೆಸರು ಸಮವಾದಾಗ ನೌಕರರ ನಂಬರಿನಿಂದಲೂ ಹೋಲಿಸತಕ್ಕದ್ದೆಂದು ವಾರ್ತಿಕಕಾರರು ಸೇರಿಸಿದ್ದಾರೆ. ಇವರು ದ್ವೈತಿಗಳು, ಇವರ ಕಂಪನಿಯಲ್ಲಿ ಇಬ್ಬರೂ ಮಂಜುನಾಥರಿಗೆ ಸಂಬಳವಾಗುತ್ತದೆ. ಅದ್ವೈತಿಗಳ ಕಂಪನಿಯಲ್ಲಿ ಸ್ಟೋರ್ಸಿನವರು ಪ್ರತಿ ಒಂದನೇ ತಾರೀಖು ಅಕೌಂಟ್ಸಿನವರ ಮನೆಗೆ ಹೋಗಿ ತಮ್ಮ ಪಾಲು ಕೇಳತಕ್ಕದ್ದು.